ಬೀಡಿ ಸೇದದ ನಮ್ಮ ಮಾವನ ಕೆಮ್ಮು

ನಮ್ಮ ಸೋದರಮಾವ ತಮ್ಮ ಜೀವಮಾನದಲ್ಲಿ ಒಂದೇ ಒಂದು ಬೀಡಿಯನ್ನೂ ಸೇದಿದವರಲ್ಲ. ಈ ಮಾತನ್ನು ನೀವು ನಂಬಿದಿರಾದರೆ, ನಂಬಿದವರಲ್ಲಿ ನೀವೇ ಮೊದಲಿಗರು! ಸಿಂಧನೂರಿನಲ್ಲಿ ಇದನ್ನು ಯಾರೂ ನಂಬಿರಲಿಲ್ಲ. ಅವರ ಅಂಗಡಿಯ ಗಿರಾಕಿಗಳು ನಂಬಿರಲಿಲ್ಲ, ಬೀಗರು ನಂಬಿರಲಿಲ್ಲ, ಔಷಧಿ ಕೊಟ್ಟ ಡಾಕ್ಟರು ನಂಬಿರಲಿಲ್ಲ. ಕೈಹಿಡಿದ ಅತ್ತೆಯಂತೂ ಬಿಲ್‌ಕುಲ್ ನಂಬಿರಲಿಲ್ಲ.

ಯಾಕೆಂದರೆ ಮಾವ ಕೆಮ್ಮುತ್ತಿದ್ದರು. ಎಂಥ ಕೆಮ್ಮು ಅಂತೀರಿ! ಚಳಿಗಾಲದ ಬೆಳಿಗ್ಗೆ ಹಳೆಯ ಟ್ರ್ಯಾಕ್ಟರ್ ಚಾಲೂ ಮಾಡುವುದನ್ನು ನೀವು ನೋಡಿರಬೇಕು. ಮೊದಲು ಒಳಗೆಲ್ಲೋ ಗುರುಗುರು ಅನ್ನುತ್ತದೆ, ಆಮೇಲೆ ಎರಡು ಸಲ ಜಗ್ಗಿ ನಿಲ್ಲುತ್ತದೆ, ಇನ್ನೇನು ಹೋಯಿತು ಅನ್ನುವಾಗ ಧಡಧಡ ಎಂದು ಇಡೀ ಮೈ ಅಲುಗಾಡಿಸಿಕೊಂಡು ಶುರುವಾಗಿಬಿಡುತ್ತದೆ. ಮಾವನ ಕೆಮ್ಮೂ ಹಾಗೆಯೇ. ವರ್ಷಗಟ್ಟಲೆ ಬೀಡಿ ಸೇದಿದ ಮುದುಕರು ಮಾತ್ರ ಕೆಮ್ಮಬಹುದಾದ ಆ ಕೆಮ್ಮನ್ನು, ನಲವತ್ತು ದಾಟುತ್ತಿದ್ದಂತೆಯೇ ಮಾವ ಕೆಮ್ಮತೊಡಗಿದ್ದರು.

ಇದರಲ್ಲಿ ಇನ್ನೂ ದೊಡ್ಡ ತಮಾಷೆಯೆಂದರೆ, ಮಾವನದು ಕಿರಾಣಿ ಅಂಗಡಿ. ಬಸ್ ಸ್ಟ್ಯಾಂಡಿನಿಂದ ರೈಸ್ ಮಿಲ್ಲುಗಳ ಕಡೆ ಹೋಗುವ ರಸ್ತೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಬೇಳೆ, ಬೆಲ್ಲ, ಒಣಮೆಣಸಿನಕಾಯಿ, ಹಗ್ಗ, ಲಾಟೀನಿನ ಬತ್ತಿ, ಏನು ಬೇಕೆಂದರೂ ಅಲ್ಲಿ ಇತ್ತು. ಬೀಡಿ ಸಿಗರೇಟು ಮಾತ್ರ ಇಲ್ಲ. ಮಿಲ್ಲಿನ ಹಮಾಲರು, ಲಾರಿ ಡ್ರೈವರುಗಳು ದಿನವಿಡೀ ಓಡಾಡುವ ರಸ್ತೆಯಲ್ಲಿ ಬೀಡಿ ಮಾರದ ಅಂಗಡಿ! ವ್ಯಾಪಾರ ಗೊತ್ತಿದ್ದವರು ಯಾರಾದರೂ ಹೀಗೆ ಮಾಡುತ್ತಾರೆಯೇ? ಮಾರದಿದ್ದರೆ ಹೋಗಲಿ, ಕೇಳಿದವರಿಗೆ ಉಪದೇಶ ಬೇರೆ.

ಒಮ್ಮೆ ನಾನು ಅಲ್ಲೇ ಇದ್ದೆ. ತುರ್ವಿಹಾಳದಿಂದ ಭತ್ತದ ಟ್ರ್ಯಾಕ್ಟರ್ ತಂದಿದ್ದ ರೈತನೊಬ್ಬ ಬಂದ.

"ಸಾವ್ಕಾರ್ರ, ಒಂದು ಕಟ್ಟು ಬೀಡಿ ಕೊಡ್ರಿ."

"ಬೀಡಿ ಇಲ್ಲ. ಬೆಲ್ಲ ಐತಿ, ತಿಂತಿ ಏನು?"

"ಬೆಲ್ಲ ತಗೊಂಡು ಏನ್ಮಾಡ್ಲಿರಿ?"

"ಬದುಕ್ತಿ! ಲೇ ತಮ್ಮಾ, ಈ ಎದಿ ಅಂಬೋದು ಐತಲ್ಲ, ಇದು ದೇವರ ಮನಿ. ದೇವರ ಮನ್ಯಾಗ ಹೊಗಿ ಹಾಕ್ತಾರೇನು? ಬೀಡಿ ಸೇದಿದ್ರ ಮನಶ್ಯಾನ ಗತಿ ಏನಾಗ್ತೈತಿ ಅಂದ್ರ..."

ಗತಿ ಏನಾಗುತ್ತದೆ ಎಂದು ಹೇಳುವಷ್ಟರಲ್ಲಿ ಮಾವನ ಎದೆಯೊಳಗಿನ ಟ್ರ್ಯಾಕ್ಟರ್ ಚಾಲೂ ಆಯಿತು. ಮಾವ ತಕ್ಕಡಿಯ ಸರಪಳಿ ಹಿಡಿದುಕೊಂಡು ಕೆಮ್ಮಿದರು, ಅಕ್ಕಿ ಚೀಲಕ್ಕೆ ಒರಗಿ ಕೆಮ್ಮಿದರು, ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದರು. ರೈತ ಪಾಪ ಒಳ್ಳೆಯವನು. ತಾನೇ ಒಳಗೆ ಬಂದು, ಮೂಲೆಯಲ್ಲಿದ್ದ ಗಡಿಗೆಯಿಂದ ನೀರು ತುಂಬಿ ಕೊಟ್ಟು, ಬೆನ್ನು ಸವರಿ, ಎಲ್ಲ ಮುಗಿದ ಮೇಲೆ ಬಹಳ ಮರ್ಯಾದೆಯಿಂದ ಹೇಳಿದ:

"ಸಾವ್ಕಾರ್ರ, ನಾ ಖರೇನ ಬಿಡ್ತೀನ್ರಿ. ಆದ್ರ ಮೊದಲ ನೀವು ಬಿಡ್ರಿ."

ಇದನ್ನೆಲ್ಲ ನಾನು ಕಣ್ಣಾರೆ ಕಂಡದ್ದು ಹೇಗೆಂದರೆ, ನಮ್ಮದು ಲಿಂಗಸುಗೂರು. ಎಂಬತ್ತರ ದಶಕದ ನಡುವೆ ಕಾಲೇಜು ಕಲಿಯಲೆಂದು ಅಪ್ಪ ನನ್ನನ್ನು ಸಿಂಧನೂರಿಗೆ ಕಳಿಸಿ, ಮಾವನ ಮನೆಯಲ್ಲಿ ಬಿಟ್ಟಿದ್ದರು. ಹೋದ ಮೊದಲ ದಿನವೇ ನನ್ನ ಬಿಳಿ ದಾವಣಿಯನ್ನು ಒಗೆದು ಮಾಳಿಗೆಯ ಮೇಲೆ ಒಣಹಾಕಿದೆ. ಸಂಜೆ ತೆಗೆಯಲು ಹೋದರೆ ಯಾರೋ ಅದರ ಮೇಲೆ ಕರಿಚುಕ್ಕೆಗಳ ಡಿಸೈನು ಮಾಡಿಟ್ಟಿದ್ದಾರೆ! ಮಾಡಿದವರು ಯಾರೆಂದು ಹುಡುಕಬೇಕಾಗಿರಲಿಲ್ಲ. ಮನೆಯ ಬೆನ್ನಿಗೆ ಹತ್ತಿಕೊಂಡೇ ಒಂದು ರೈಸ್ ಮಿಲ್ಲಿತ್ತು. ಕುಚ್ಚಲಕ್ಕಿಗಾಗಿ ಅಲ್ಲಿ ಭತ್ತ ಬೇಯಿಸುತ್ತಿದ್ದರು, ಬೇಯಿಸಲು ಅದೇ ಭತ್ತದ ಹೊಟ್ಟನ್ನು ಉರಿಸುತ್ತಿದ್ದರು. ಮಿಲ್ಲಿನ ಹೊಗೆ ಕೊಳವೆಯಿಂದ ಹೊರಟ ಕರಿಬೂದಿ ಸುತ್ತಲಿನ ಮಾಳಿಗೆಗಳ ಮೇಲೆ, ತುಳಸಿ ಗಿಡದ ಮೇಲೆ, ಅಂಗಳದಲ್ಲಿ ಕಟ್ಟಿದ ಎಮ್ಮೆಯ ಮೇಲೆ ಸಾವಕಾಶವಾಗಿ ಇಳಿಯುತ್ತಿತ್ತು. ಎಮ್ಮೆಗೇನು, ಗೊತ್ತಾಗುತ್ತಿರಲಿಲ್ಲ. ನಮಗೆ ಗೊತ್ತಾಗುತ್ತಿತ್ತು. ಮುಂದಿನ ರಸ್ತೆಯಲ್ಲಿ ಲಾರಿಗಳು ಎಬ್ಬಿಸಿದ ಕೆಂಪು ಧೂಳು, ಹಿಂದಿನಿಂದ ಕರಿಬೂದಿ. ನಡುವೆ ನಮ್ಮ ಮನೆ.

ಆದರೆ ಅದನ್ನು ಹೊಲಸು ಅಂತ ಯಾರೂ ಅಂದುಕೊಂಡಿರಲಿಲ್ಲ ನೋಡಿ. ಅತ್ತೆ ಮಾಳಿಗೆಯ ಮೇಲೆ ಒಣಗಿಸಿದ ಸಂಡಿಗೆಗಳಲ್ಲಿ ಕಪ್ಪು ಚುಕ್ಕೆಗಳು ಕೂತಿರುತ್ತಿದ್ದವು. ಬೀಗರು ತಟ್ಟೆಯಲ್ಲಿ ಅವನ್ನು ಕಂಡು "ಎಳ್ಳು ಹಾಕೀರೇನ್ರಿ?" ಎಂದು ಕೇಳಿದರೆ, ಅತ್ತೆ ಕಣ್ಣು ಮಿಟುಕಿಸದೆ "ಹೂಂರಿ, ಸ್ವಲ್ಪ ಎಳ್ಳು" ಎನ್ನುತ್ತಿದ್ದರು. ಒಬ್ಬರು ಅತ್ತೆಯ ಹತ್ತಿರ ಅಳತೆ ಕೇಳಿ ಬರೆದುಕೊಂಡೂ ಹೋದರು!

ಮಾವನಿಗಂತೂ ಆ ಹೊಗೆಯ ಬಗ್ಗೆ ಅಭಿಮಾನ. "ಬೇ ಹುಡುಗಿ, ಕಾಲುವಿ ನೀರು ಬರೂಕಿಂತ ಮೊದಲ ಈ ಊರಾಗ ಏನಿತ್ತು? ಬರೇ ಬಿಸಲು. ಆ ಕೊಳವ್ಯಾಗ ಹೊಗಿ ಬರಾಕತ್ತೈತಿ ಅಂದ್ರ ನಾಕು ಮಂದಿ ಮನ್ಯಾಗ ಒಲಿ ಉರ್ಯಾಕತ್ತೈತಿ ಅಂತ ತಿಳಿ" ಎನ್ನುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ. ಮಿಲ್ಲು ಮುಚ್ಚಿದ ದಿನ ಮಾವನ ಅಂಗಡಿಗೆ ನೊಣ ಕೂಡ ಬರುತ್ತಿರಲಿಲ್ಲ.

ಇನ್ನು ಅವರ ಆರೋಗ್ಯ ಸಾಧನೆಯ ಕಥೆ ಕೇಳಿ. ಕೆಮ್ಮು ಹೋಗಬೇಕಾದರೆ ಪ್ರಾಣಾಯಾಮ ಮಾಡಬೇಕು ಎಂದು ಮಠದ ಸ್ವಾಮಿಯೊಬ್ಬರು ಹೇಳಿದ್ದರಂತೆ. ಸರಿ, ಮಾವ ನಸುಕಿನಲ್ಲೇ ಸ್ನಾನ ಮಾಡಿ, ಹಣೆಗೆ ಮೂರು ಬೆರಳು ವಿಭೂತಿ ಬಳಿದುಕೊಂಡು, ಮಾಳಿಗೆ ಹತ್ತಿ, ಚಾಪೆ ಹಾಸಿ ಪದ್ಮಾಸನ ಹಾಕುತ್ತಿದ್ದರು. ಮಿಲ್ಲಿನವರು ಒಲೆಗೆ ಹೊಸ ಹೊಟ್ಟು ಸುರಿಯುತ್ತಿದ್ದದ್ದೂ ಸರಿಯಾಗಿ ಅದೇ ಹೊತ್ತಿಗೆ! ಕೊಳವೆ ಒಂದು ಸಲ ಭುಸ್ ಎಂದು ಬಿಡುವುದು, ಮಾವ ಒಂದು ಸಲ ಸೊಂಯ್ ಎಂದು ಒಳಗೆಳೆದುಕೊಳ್ಳುವುದು. ಇಬ್ಬರ ನಡುವೆ ಏನೋ ಒಪ್ಪಂದ ಆಗಿದೆಯೇನೋ ಅನ್ನಿಸುತ್ತಿತ್ತು. ಕೆಳಗಿಳಿದು ಬಂದಾಗ ಹಣೆಗೆ ತಾವು ಹಚ್ಚಿಕೊಂಡ ವಿಭೂತಿ ಮೂರೇ ಗೆರೆ. ಮಿಲ್ಲು ಹಚ್ಚಿದ್ದು ಮೈತುಂಬ.

"ಎಂಥಾ ಗಾಳಿ ಬೇ ತಂಗಿ! ನಸುಕಿನ ಗಾಳಿ ಅಂದ್ರ ಅಮೃತ!" ಎಂದು ಹೇಳಿ, ಕೂತು, ಅರ್ಧ ತಾಸು ಕೆಮ್ಮುತ್ತಿದ್ದರು.

ಅತ್ತೆಯ ಪತ್ತೇದಾರಿ ಕೆಲಸ ಮಾತ್ರ ಒಂದು ದಿನವೂ ನಿಂತಿರಲಿಲ್ಲ. ಗಂಡ ಸ್ನಾನಕ್ಕೆ ಹೋದ ಕೂಡಲೇ ಅಂಗಿ ಜೇಬು, ಧೋತರದ ಗಂಟು, ಟೋಪಿಯ ಒಳಗು ಎಲ್ಲ ತಪಾಸಣೆ. ಒಂದು ದಿನ ಕೊನೆಗೂ ಪುರಾವೆ ಸಿಕ್ಕೇಬಿಟ್ಟಿತು.

"ಇದೇನ್ರೀ?"

"ಕಡ್ಡಿಪೆಟ್ಟಿಗಿ."

"ಅದು ನನಗೂ ಕಾಣಸ್ತೈತಿ. ನಿಮ್ಮ ಕಿಸೆದಾಗ ಯಾಕ ಕುಂತೈತಿ?"

"ಅಂಗಡಿ ಪೂಜಿಗೆ ಊದಿನಕಡ್ಡಿ ಹಚ್ಚಾಕ."

"ಊದಿನಕಡ್ಡಿ ಎಲ್ಲೈತಿ ಹಂಗಾದ್ರ?"

"ಹಚ್ಚಿಬಿಟ್ಟೆ!"

ಅತ್ತೆ ಅಂಗಿಯನ್ನು ಮೂಗಿಗೆ ಹಿಡಿದು ಮೂಸಿದರು. ಹೊಗೆ ವಾಸನೆ! ಇನ್ನೇನು ಬೇಕು? ಆ ದಿನ ಮಾವನಿಗೆ ರೊಟ್ಟಿ ಬಡಿಸಿದರು, ಪಲ್ಯ ಬಡಿಸಲಿಲ್ಲ. ಅಂಗಿಯಲ್ಲಿ ಹೊಗೆ ವಾಸನೆ ಇದ್ದದ್ದು ಖರೆ. ಆದರೆ ಆ ಓಣಿಯಲ್ಲಿ ಯಾರ ಅಂಗಿ ಮೂಸಿದರೂ ಅದೇ ವಾಸನೆ ಬರುತ್ತಿತ್ತು. ನನ್ನ ಪುಸ್ತಕಗಳಿಗೂ ಅದೇ ವಾಸನೆ, ಅತ್ತೆಯ ಸೀರೆಗೂ ಅದೇ ವಾಸನೆ. ತಮ್ಮ ಸೀರೆಯನ್ನು ತಾವೇ ಯಾರು ಮೂಸುತ್ತಾರೆ, ನೀವೇ ಹೇಳಿ!

ಕೊನೆಗೆ ಅತ್ತೆ ಮಾವನನ್ನು ಊರಲ್ಲಿದ್ದ ಒಬ್ಬ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ತಲೆ ಎತ್ತದೆಯೇ, "ದಿನಕ್ಕ ಎಷ್ಟು ಕಟ್ಟು?" ಎಂದರು.

"ಒಂದೂ ಇಲ್ರಿ."

"ಈಗ ಬಿಟ್ಟೀರಿ. ಮೊದಲ ಎಷ್ಟು ಸೇದ್ತಿದ್ರಿ?"

"ಹುಟ್ಟಿದಾಗಿಂದ ಮುಟ್ಟಿಲ್ಲರಿ! ಬೇಕಂದ್ರ ನನ್ನ ಬಾಯಿ ಮೂಸಿ ನೋಡ್ರಿ!" ಎಂದು ಮಾವ ಮೇಜಿನ ಮೇಲೆ ಬಾಗಿ ಬಾಯಿ ಅಗಲ ತೆರೆದರು. ಡಾಕ್ಟರು ಕುರ್ಚಿಯ ಸಮೇತ ಹಿಂದೆ ಸರಿದರು. ಕೆಮ್ಮಿನ ಔಷಧಿ ಕೊಟ್ಟು, ಬಾಗಿಲ ತನಕ ಬಂದು, ಅತ್ತೆಯ ಕಿವಿಯಲ್ಲಿ "ಸ್ವಲ್ಪ ನಿಗಾ ಇಡ್ರಿ" ಎಂದರು. ನಿಗಾ! ಅತ್ತೆಗೆ ಇನ್ನೂ ಹೆಚ್ಚಿನ ನಿಗಾ ಇಡಲು ಜಾಗವೇ ಉಳಿದಿರಲಿಲ್ಲ.

ಅಂದಿನಿಂದ ಮಾವನ ಬಾಯಿ ಮೂಸಿಸುವ ಚಳವಳಿ ಶುರುವಾಯಿತು. ಸಂಶಯಪಟ್ಟವರು ಸಿಕ್ಕರೆ ಸಾಕು, ನಡುರಸ್ತೆಯಲ್ಲಾದರೂ ಸರಿ, "ಬಾ ಇಲ್ಲೆ, ಮೂಸು!" ಮಂದಿ ಮಾವನನ್ನು ಕಂಡರೆ ಓಣಿ ಬದಲಿಸತೊಡಗಿದರು. ಮಸ್ಕಿಯಲ್ಲಿ ನಮ್ಮ ಚಿಕ್ಕಮ್ಮನ ಮಗಳ ಮದುವೆಯಾದಾಗ, ಊಟಕ್ಕೆ ಕೂತ ಬೀಗರ ಪಂಕ್ತಿಯೆದುರು ನಿಂತು, ಮನೆದೇವರ ಆಣೆ ಮಾಡಿ, "ನಾ ಸೇದಂಗಿಲ್ಲ" ಎಂದು ಸಾರಿಬಿಟ್ಟರು. ಯಾರೂ ಕೇಳಿರಲಿಲ್ಲ! ಹೊಸ ಬೀಗರು ಬಹಳ ಸೂಕ್ಷ್ಮದ ಜನ. ಊಟವಾದ ಮೇಲೆ ಎಲೆಯಡಿಕೆಯ ತಟ್ಟೆಯಲ್ಲಿ, ವೀಳ್ಯದೆಲೆಯ ಕೆಳಗೆ ಮುಚ್ಚಿ, ಒಂದು ಸಿಗರೇಟು ಇಟ್ಟು ಮಾವನ ಮುಂದೆ ಹಿಡಿದರು.

"ಹಿತ್ತಲದಾಗ ಬಣವಿ ಐತ್ರಿ ಮಾವಾರ," ಎಂದು ಮೆಲ್ಲಗೆ ಹೇಳಿದರು. "ಅದರ ಮರಿಗೆ ಹೋಗ್ರಿ. ನಿಮ್ಮ ಮನಿಯಾಕಿನ್ನ ನಾವು ಮಾತಾಡಿಸ್ತಿರ್ತೀವಿ."

ನನ್ನ ಕಾಲೇಜು ಮುಗಿದು ನಾನು ಲಿಂಗಸುಗೂರಿಗೆ ಮರಳಿದೆ. ಅಲ್ಲಿಯೇ ಮದುವೆಯೂ ಆಯಿತು. ಮುಂದೆ ಸಿಂಧನೂರಿಗೆ ಹೋದಾಗಲೆಲ್ಲ ಮಾವನಲ್ಲಿ ಒಂದು ಬದಲಾವಣೆ ಕಾಣುತ್ತಿತ್ತು. ಮೊದಲೆಲ್ಲ ಬಸ್ ಸ್ಟ್ಯಾಂಡಿಗೆ ದಾಪುಗಾಲು ಹಾಕುತ್ತಿದ್ದವರು ಈಗ ದಾರಿಯುದ್ದಕ್ಕೂ ನಿಂತು ನಿಂತು ಎಲ್ಲರನ್ನೂ ಮಾತಾಡಿಸುತ್ತಿದ್ದರು. ಹೂವಿನವಳ ಹತ್ತಿರ ನಿಂತು ಅವಳ ಮಗಳ ಬಾಣಂತನ ವಿಚಾರಿಸುವರು. ದರ್ಜಿಯ ಮುಂದೆ ನಿಂತು ಮಷೀನಿನ ಯೋಗಕ್ಷೇಮ ಕೇಳುವರು. ಮಾತಾಡಲು ಮನುಷ್ಯರು ಸಿಗದಿದ್ದರೆ ಗೋಡೆಯ ಮೇಲಿನ ಸಿನಿಮಾ ಪೋಸ್ಟರನ್ನು ತುದಿಯಿಂದ ತುದಿಗೆ ಓದುವರು. "ಸಾವ್ಕಾರ್ರು ಈಗೀಗ ಭಾಳ ಪ್ರೀತಿ ಮನಶ್ಯಾ ಆಗ್ಯಾರ" ಎಂದು ಊರೆಲ್ಲ ಹೊಗಳಿತು. ನಾನೂ ಹೌದೆಂದುಕೊಂಡೆ. ಒಂದು ದಿನ ಜೊತೆಗೆ ನಡೆಯುವಾಗ ಅವರು ಪೋಸ್ಟರಿನ ಮುಂದೆ ನಿಂತರು. ಅವರ ಕಣ್ಣು ಮುಚ್ಚಿತ್ತು. ಹೆಗಲು ಮೇಲೆ ಕೆಳಗೆ ಆಗುತ್ತಿತ್ತು. ಉಸಿರು ಹುಡುಕುತ್ತಿದ್ದರು.

"ಮಾವಾ, ನಾಳೆ ನನ್ನ ಜೊತಿ ಲಿಂಗಸುಗೂರಿಗೆ ಬರ್ರಿ" ಎಂದೆ. ಅವರು ತಕರಾರು ಮಾಡಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ನಮ್ಮೂರಿನ ದವಾಖಾನೆಗೆ ಆಗಷ್ಟೇ ಒಬ್ಬ ಡಾಕ್ಟರಮ್ಮ ಬಂದಿದ್ದರು. ಅತ್ತೆ ಹೊರಗೆ ಬೆಂಚಿನ ಮೇಲೆ ಕೂತರು, ನಾನು ಮಾವನ ಜೊತೆ ಒಳಗೆ ಹೋದೆ. ಡಾಕ್ಟರಮ್ಮ ಎದೆ ಬೆನ್ನು ಕೇಳಿ, ಎಕ್ಸ್‌ರೇ ನೋಡಿ, ಮೇಜಿನ ಖಾನೆಯಿಂದ ಕಡ್ಡಿಪೆಟ್ಟಿಗೆ ತೆಗೆದರು. ಕಡ್ಡಿ ಗೀರಿ, ಮಾವನ ಬಾಯಿಯ ಮುಂದೆ ಗೇಣು ದೂರದಲ್ಲಿ ಹಿಡಿದರು.

ಮಾವ ಬೆಚ್ಚಿ ಎದ್ದು ನಿಂತರು. "ಡಾಕ್ಟರಮ್ಮಾ, ನಾ ಸೇದಂಗಿಲ್ಲರಿ! ದೇವರಾಣಿಗೂ ಸೇದಂಗಿಲ್ಲ!"

ಡಾಕ್ಟರಮ್ಮ ನಕ್ಕರು. "ಸೇದಾಕಲ್ರಿ ಯಜಮಾನ್ರ. ತುಟಿ ಕೂಡಿಸದಂಗ, ಬಾಯಿ ತೆರೆದು ಊದಿ ಆರಸ್ರಿ."

ಇಷ್ಟೇ ತಾನೇ ಎಂದು ಮಾವ ಕೂತು ಊದಿದರು. ಜ್ವಾಲೆ ಅಲುಗಲಿಲ್ಲ. ಮತ್ತೆ ಊದಿದರು, ಕೊರಳಿನ ನರ ಉಬ್ಬುವಂತೆ ಊದಿದರು. ಕಡ್ಡಿ ನಿಧಾನವಾಗಿ ಉರಿಯುತ್ತ ಡಾಕ್ಟರಮ್ಮನ ಬೆರಳಿನ ತನಕ ಬಂತು. ಅವರೇ ಅದನ್ನು ಕೈಬೀಸಿ ಆರಿಸಿದರು. ಮಾವ ಆ ಕರಿ ಕಡ್ಡಿಯನ್ನೇ ನೋಡುತ್ತ ಕೂತರು. ನಾನು ಗೋಡೆಯ ಕಡೆ ಮುಖ ಮಾಡಿದೆ.

"ಮನಿ ಎಲ್ಲೈತ್ರಿ?" ಡಾಕ್ಟರಮ್ಮ ಕೇಳಿದರು. ಅಲ್ಲಿಯ ತನಕ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ! ಮಾವ ಹೇಳಿದರು: ಮಿಲ್ಲು, ಹೊಟ್ಟಿನ ಬೂದಿ, ಲಾರಿ ರಸ್ತೆ, ಮಾಳಿಗೆಯ ಮೇಲಿನ ಪ್ರಾಣಾಯಾಮ, ಎಲ್ಲ.

"ಎಷ್ಟು ವರ್ಷದಿಂದ?"

"ಅಂಗಡಿ ಹಾಕಿದಾಗಿಂದ."

ಡಾಕ್ಟರಮ್ಮ ಸಾವಕಾಶವಾಗಿ ಬಿಡಿಸಿ ಹೇಳಿದರು. ಈ ರೋಗ ಬೀಡಿ ಸೇದುವವರಿಗೆ ಹೆಚ್ಚು ಬರುತ್ತದೆ, ಖರೆ. ಆದರೆ ಸೇದದವರಿಗೂ ಬರುತ್ತದೆ. ಹೊರಗಿನ ಗಾಳಿಯಲ್ಲಿನ ಹೊಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಬೂದಿ, ಲಾರಿಯ ಹೊಗೆ, ಇವು ವರ್ಷಗಟ್ಟಲೆ ಪುಪ್ಪುಸದ ಆಳಕ್ಕೆ ಇಳಿದರೆ ಒಳಗಿನ ಉಸಿರಿನ ದಾರಿಗಳು ಇಕ್ಕಟ್ಟಾಗುತ್ತವೆ. ಹಾಳಾದದ್ದನ್ನು ಪೂರ್ತಿ ಸರಿ ಮಾಡಲಾಗುವುದಿಲ್ಲ. ಔಷಧಿಯಿಂದ ಉಸಿರು ಸ್ವಲ್ಪ ಹಗುರಾಗುತ್ತದೆ. ಆ ಗಾಳಿ ಬಿಟ್ಟು ದೂರ ಹೋದರೆ ಮುಂದೆ ಹಾಳಾಗುವುದು ಕಡಿಮೆಯಾಗಬಹುದು.

ಇದನ್ನು ಕೇಳಿ ಯಾರಾದರೂ ಕುಸಿಯಬೇಕು. ನಮ್ಮ ಮಾವ ಏನು ಮಾಡಿದರು ಗೊತ್ತೇ? ಮುಖವೆಲ್ಲ ಅರಳಿಸಿಕೊಂಡು ಎದ್ದು, ಬಾಗಿಲು ತೆರೆದು, "ಏ ಇಕಿ, ಒಳಗ ಬಾ! ಲಗು ಬಾ!" ಎಂದು ಕೂಗಿದರು. ಅತ್ತೆ ಗಾಬರಿಯಾಗಿ ಓಡಿ ಬಂದರು.

"ಡಾಕ್ಟರಮ್ಮಾ, ಇನ್ನೊಮ್ಮೆ ಹೇಳ್ರಿ. ಜರಾ ಜೋರಾಗಿ ಹೇಳ್ರಿ. ಇದು ಬೀಡಿ ಕೆಮ್ಮಲ್ಲ ಅಂತ ಹೇಳ್ರಿ!"

ಡಾಕ್ಟರಮ್ಮ ಮೊದಲಿನಿಂದ ಕೊನೆಯ ತನಕ ಇನ್ನೊಮ್ಮೆ ಹೇಳಿದರು. ಮಾವ ಪ್ರತಿ ಮಾತಿಗೂ "ಕೇಳಿದೇನು? ಕೇಳಿದೇನು?" ಎಂದು ಅತ್ತೆಯ ಕಡೆ ತಿರುಗುತ್ತಿದ್ದರು. ಅಷ್ಟು ವರ್ಷಗಳ ಇಜ್ಜತ್ತಿನ ಪ್ರಶ್ನೆ!

ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದ ಅತ್ತೆ ಸಣ್ಣ ದನಿಯಲ್ಲಿ ಹೇಳಿದರು:

"ನೀವು ಬೀಡಿ ಸೇದಿದ್ರ ಚಲೋ ಇತ್ತಲ್ರೀ."

"ಏನಂದಿ?"

"ಬೀಡಿ ಆಗಿದ್ರ ಒಂದಲ್ಲ ಒಂದು ದಿನ ನಾ ಬಿಡಿಸ್ತಿದ್ದೆ. ಹುಡುಕಿ ಹುಡುಕಿ ಕಸ್ಗೊಂಡು ತಿಪ್ಪಿಗೆ ಒಗಿತಿದ್ದೆ. ಈ ಗಾಳಿ ಹ್ಯಾಂಗ ಕಸ್ಗೊಳ್ಳಲಿ?"

ಮಾವನ ನಗು ಅಲ್ಲಿಯೇ ನಿಂತಿತು. ಅಷ್ಟು ವರ್ಷ ಅತ್ತೆ ಜೇಬು ತಡಕಿದ್ದು ಗಂಡನನ್ನು ಕಳ್ಳನೆಂದು ಹಿಡಿಯಲಿಕ್ಕಲ್ಲ, ಒಂದು ಆಸೆಯಿಂದ ಎಂದು ನಮಗೆ ಗೊತ್ತಾದದ್ದು ಆಗ.

ಸಿಂಧನೂರಿಗೆ ಮರಳಿದ ಮಾವ ನೆಟ್ಟಗೆ ಮಿಲ್ಲಿನ ಮಾಲೀಕರ ಹತ್ತಿರ ಹೋದರು. ಆತ ಕ್ಯಾಂಪಿನ ಕಡೆಯ, ಅಂದರೆ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ನೆಲೆಸಿದವರ ಪೈಕಿ ತೆಲುಗು ಮನುಷ್ಯ, ಒಳ್ಳೆಯವನೇ. "ಅಯ್ಯೋ ರಾಮ, ಮೊದಲೇ ಯಾಕ ಹೇಳಲಿಲ್ಲಂಡಿ ಸಾವ್ಕಾರ್ರೆ?" ಎಂದು ಕೊಳವೆಯನ್ನು ಎತ್ತರ ಮಾಡಿಸಿಕೊಟ್ಟ. ಮರುವಾರದಿಂದ ನಮ್ಮ ಮಾಳಿಗೆಯ ಮೇಲೆ ಬೂದಿ ಕಡಿಮೆಯಾಯಿತು. ಹಿಂದಿನ ಓಣಿಯವರ ಮಾಳಿಗೆಯ ಮೇಲೆ ಬೀಳತೊಡಗಿತು! ಮಾವನಿಗೆ ಊಟ ಸೇರಲಿಲ್ಲ. ನಿಂತು ನಿಂತು ಆ ಓಣಿಯ ಮನೆಮನೆಗೂ ಹೋಗಿ, "ನನ್ನ ಪಾಲಿನ ಬೂದಿ ನಿಮಗ ಬಂದೈತ್ರಿ, ಕಿಡಕಿ ಹಾಕ್ಕೋರಿ. ಸಣ್ಣ ಕೂಸುಗಳನ್ನ ಮಾಳಿಗಿ ಮ್ಯಾಲ ಬಿಡಬ್ಯಾಡ್ರಿ" ಎಂದು ಹೇಳಿ ಬಂದರು. ಮತ್ತೆ ಮಾಲೀಕರ ಹತ್ತಿರ ಹೋದರು, ಬೂದಿ ಹಿಡಿಯುವ ಏನಾದರೂ ಕೂಡಿಸಿರಿ ಎಂದು ಅಂಗಲಾಚಿದರು. ಆತ ನೋಡೋಣ ಎಂದ. ನೋಡುತ್ತಲೇ ಇದ್ದ. ಮಿಲ್ಲಿನಲ್ಲಿ ಹೊಟ್ಟು ತೂರುವ ಹೆಂಗಸರಿಗೆ ಮಾವ ಅಂಗಡಿ ಕಟ್ಟೆಯ ಮೇಲೆ ನಿಂತು, "ಮೂಗಿಗೆ ಅರಿವಿ ಕಟ್ಗೋರಿ, ಯವ್ವಗೋಳ್ರಾ" ಎಂದು ಕೂಗುತ್ತಿದ್ದರು. ಕೆಲವರು ನಕ್ಕರು, ಕೆಲವರು ಕಟ್ಟಿಕೊಂಡರು.

ಡಾಕ್ಟರಮ್ಮ ಬಾಯಿಗೆ ಹಿಡಿದು ಔಷಧಿ ಎಳೆದುಕೊಳ್ಳುವ ಒಂದು ಸಣ್ಣ ಪಂಪು ತರಿಸಿಕೊಟ್ಟಿದ್ದರು. ಗಿರಾಕಿಗಳೆದುರು ಅದನ್ನು ಬಾಯಿಗೆ ಇಡಲು ಮಾವನಿಗೆ ನಾಚಿಕೆ. ಚೀಲಗಳ ಹಿಂದೆ ಅಡಗಿ ಎಳೆದುಕೊಳ್ಳುತ್ತಿದ್ದರು. ಊರು ಸುಮ್ಮನಿರುತ್ತದೆಯೇ? "ಪಾಪ, ಬಿಡಾಕ ಆಗವಲ್ದು ನೋಡ್ರಿ" ಎಂದಿತು!

ಮುಂದಿನ ಸುಗ್ಗಿಗೆ ಮಿಲ್ಲು ಜೋರಾಗಿ ಶುರುವಾಗುವ ಮೊದಲೇ ಅತ್ತೆ ಗಂಟು ಕಟ್ಟಿದರು. ಅವರ ತವರು ಗುರುಗುಂಟಾ. ಅಲ್ಲಿ ಕಾಲುವೆ ಇಲ್ಲ, ಮಿಲ್ಲಿಲ್ಲ. ಸಜ್ಜೆ ಹೊಲ, ಕುರಿ, ಕಲ್ಲಿನ ಗುಡ್ಡ, ಬರೀ ಗಾಳಿ. ಹೆಂಡತಿಯ ತವರಿನಲ್ಲಿ ಹೋಗಿ ಬಾಳುವುದೇ ಎಂದು ಮಾವ ಮೂರು ದಿನ ಹಟ ಹಿಡಿದರು. ಅತ್ತೆ ಒಂದೇ ಮಾತು ಹೇಳಿದರು: "ನೀವು ಬರದಿದ್ರ ನಾನೂ ಇಲ್ಲೇ ಇದ್ದು ಇದೇ ಗಾಳಿ ಕುಡಿತೀನಿ." ಮಾವ ಚಪ್ಪಲಿ ಮೆಟ್ಟಿಕೊಂಡರು. ಗುರುಗುಂಟಾದಲ್ಲಿ ಒಂದು ಸಣ್ಣ ಅಂಗಡಿ ಹಾಕಿದರು. ಅಲ್ಲಿಯೂ ಬೀಡಿ ಇಟ್ಟಿರಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಕೆಮ್ಮು ಪೂರ್ತಿ ಹೋಗಲಿಲ್ಲ. ಗುಡ್ಡ ಹತ್ತುವುದಿರಲಿ, ಬಾವಿಯ ತನಕ ನಡೆಯುವುದೂ ಕಷ್ಟವೇ ಇತ್ತು. ಆದರೂ ಕೆಲವು ವರ್ಷ ಚೆನ್ನಾಗಿದ್ದರು. ಹಾಗಿದ್ದಾಗ ಒಂದು ಮಧ್ಯಾಹ್ನ ನಾನು ಬಸ್ಸಿಳಿದು ಅವರ ಮನೆಗೆ ಹೋದೆ. ಅಂಗಳದಲ್ಲಿ ಕಾಲಿಟ್ಟು "ಮಾವಾ!" ಎಂದು ಕೂಗಬೇಕು, ಅಷ್ಟರಲ್ಲಿ ಅತ್ತೆ ತುಟಿಯ ಮೇಲೆ ಬೆರಳಿಟ್ಟರು.

ಬೇವಿನ ಗಿಡದ ನೆರಳಿನಲ್ಲಿ ಹೊರಸಿನ ಮೇಲೆ ಮಾವ ಕಾಲು ಚಾಚಿ ಅಂಗಾತ ಮಲಗಿದ್ದರು. ಅತ್ತೆ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು. ಮೊರದಲ್ಲಿ ಹಸನು ಮಾಡಲು ಹಾಕಿಕೊಂಡ ಸಜ್ಜೆ ಹಾಗೆಯೇ ಇತ್ತು.

"ಅಲ್ಲಿದ್ದಾಗ ಕಡೀ ಕಡಿಗೆ ಗ್ವಾಡಿಗೆ ಒರಗಿ ಕುಂತ ಮಲಗ್ತಿದ್ರು," ಅತ್ತೆ ಪಿಸುಗುಟ್ಟಿದರು. "ಅಡ್ಡಾದ್ರ ಉಸರು ಕಟ್ತಿತ್ತು. ನಿಮಗ್ಯಾರಿಗೂ ಹೇಳಗೊಟ್ಟಿರಲಿಲ್ಲ. ನೋಡೀಗ, ಹ್ಯಾಂಗ ಮಲಗ್ಯಾರ."

"ನೀನೂ ಒಂಚೂರು ಅಡ್ಡಾಗಬಾರದೇನು ಅತ್ತಿ?"

"ನನಗ ನಿದ್ದಿ ಬ್ಯಾಡ" ಎಂದರು ಅತ್ತೆ. ಅವರ ಕಣ್ಣು ಮಾವನ ಎದೆಯ ಮೇಲೆಯೇ ಇತ್ತು. "ಸುಮ್ಮ ಕುಂದರು. ಕೇಳಾಕತ್ತೀನಿ."

ನಾನು ಚೀಲ ಕೆಳಗಿಟ್ಟು ಅತ್ತೆಯ ಪಕ್ಕದಲ್ಲಿ ಕೂತೆ. ಮಾವನ ಉಸಿರು ಸಣ್ಣಗೆ ಒಳಗೆ ಹೋಗುತ್ತಿತ್ತು, ಸಣ್ಣಗೆ ಹೊರಗೆ ಬರುತ್ತಿತ್ತು. ಅತ್ತೆ ಅದನ್ನು ಕೇಳುತ್ತಿದ್ದರು.